ಆಯುಧಪೂಜೆಗೆ ಸ್ವಚ್ಛ ಮಾಡಿದ ಡಿಸ್ಕು

ಪ್ರೆಸ್ಸಿನ ಕಂಪ್ಯೂಟರಿನ ಡಿಸ್ಕಿನಲ್ಲಿ, ತಟ್ಟೆಯ ಮೇಲೆ ತೇಲಬೇಕಾದ ಓದುವ ಹೆಡ್ಡು ತಟ್ಟೆಗೇ ಬಡಿದು ಗೀರು ಬಿದ್ದಿರಬಹುದು. ಮೋಟಾರು ನಿಂತಿರಬಹುದು. ಪವರ್ ಸಪ್ಲೈ ಸುಟ್ಟು, ಹೋಗುವಾಗ ಒಬ್ಬಂಟಿಯಾಗಿ ಯಾಕೆಂದು ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿರಬಹುದು. ಯಾರೋ ಫ್ಲಾಪಿಯಲ್ಲಿ ಆಟ ತಂದು ವೈರಸ್ ಅಂಟಿಸಿರಬಹುದು. ಇಲಿ ಕೇಬಲ್ ಕಡಿದಿರಬಹುದು. ಪ್ರೆಸ್ಸಿನಲ್ಲಿ ಬೈಂಡಿಂಗಿಗೆ ಮೈದಾ ಅಂಟು ಕಾಯಿಸುವುದರಿಂದ ಇಲಿಗಳಿಗೇನೂ ಬರಗಾಲವಿಲ್ಲ. ಇವೆಲ್ಲ ನಾನು ಹೋಗುವ ಮುಂಚೆ ಆಗಿರಬಹುದಾದವು. ನಾನು ಹೋದಮೇಲೆ ಆಗಬಹುದಾದವು ಬೇರೆ ಇದ್ದವು. ಕೈಯಿಂದ ಸ್ಕ್ರೂ ಜಾರಿ ಬೋರ್ಡಿನ ಮೇಲೆ ಬೀಳಬಹುದು. ಕೇಬಲ್ ತಿರುಗುಮುರುಗು ಹಾಕಬಹುದು. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ನಕಲು ಮಾಡಿ, ಇದ್ದದ್ದನ್ನೂ ಬಿಳಿ ಹಾಳೆ ಮಾಡಿಬಿಡಬಹುದು. ಇದ್ಯಾವುದೂ ಆಗದಿದ್ದರೆ ಶಿರಾಳಕೊಪ್ಪದಲ್ಲಿ ಬಸ್ಸು ಕೆಟ್ಟು ನಿಲ್ಲಬಹುದು.

ಶಿಕಾರಿಪುರದ ಬಸ್ ಸ್ಟ್ಯಾಂಡಿನಿಂದ ಸೊರಬದ ಬಸ್ಸು ಹೊರಡುವ ಮೊದಲೇ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ನನ್ನ ಹೆಂಡತಿ ಹೇಳುವ ಪ್ರಕಾರ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ಜಗ್ಗಿ ನೋಡುವವರು ಒಂದು ಜಾತಿ, ಜಗ್ಗಿ ಜಗ್ಗಿ ಬೀಗವನ್ನೇ ಕೆಡಿಸುವವರು ಇನ್ನೊಂದು ಜಾತಿ, ನಾನು ಎರಡನೆಯದು. ಕಂಪ್ಯೂಟರ್ ರಿಪೇರಿಗೆ ಇದು ಒಳ್ಳೆಯ ಗುಣವೋ ಕೆಟ್ಟದ್ದೋ ಈಗಲೂ ತೀರ್ಮಾನವಾಗಿಲ್ಲ.

ಕರೆ ಬಂದಿದ್ದು ವಿಜಯದಶಮಿ ಕಳೆದ ಮರುದಿನ, ನನ್ನ ರಿಪೇರಿ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ. ಸೊರಬದಲ್ಲಿ ಒಂದು ಪ್ರೆಸ್ಸಿತ್ತು. ಅಚ್ಚಿನ ಮೊಳೆ ಜೋಡಿಸುವುದನ್ನು ಬಿಟ್ಟು ಅವರು ಕಂಪ್ಯೂಟರ್ ಕೊಂಡು ಎರಡು ವರ್ಷವಾಗಿತ್ತು, ಅದರ ಸರ್ವೀಸು ನನ್ನದು. ಯಜಮಾನರ ಧ್ವನಿ ಸಣ್ಣಗಾಗಿತ್ತು.

"ಫೈಲು ಹೆಸರು ಕಾಣ್ತವೆ ಮಾರಾಯ್ರೆ, ತೆಗೆದ್ರೆ ಏನೇನೋ ಬರ್ತದೆ. ಕೆಲವಕ್ಕೆ ಹೆಸ್ರೂ ಇಲ್ಲ."

"ಯಾರೂ ಏನೂ ಮುಟ್ಟಬೇಡಿ. ಆಫ್ ಮಾಡಿಡಿ," ಎಂದೆ.

"ಆಫ್ ಮಾಡಿದ್ದಕ್ಕೇ ಹೀಗಾಗಿದ್ದು," ಎಂದರು ಅವರು.

ಆ ಮಾತು ಅರ್ಥವಾಗಿದ್ದು ಪ್ರೆಸ್ಸಿಗೆ ಹೋದಮೇಲೆ. ಕಂಪ್ಯೂಟರಿನ ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ಬಾಡಿದ ಚೆಂಡುಹೂವಿನ ಹಾರ. ಪೂಜೆಗೆ ಮುಂಚೆ ಪ್ರೆಸ್ಸಿನವರು ಎಲ್ಲವನ್ನೂ ತೊಳೆಯುತ್ತಾರೆ. ರೋಲರಿನ ಮಸಿ ಸೀಮೆಎಣ್ಣೆಯಲ್ಲಿ ಒರೆಸಿ, ಕಟಿಂಗ್ ಮಷಿನ್ನಿನ ಅಲಗು ಉಜ್ಜಿ, ನೆಲ ಸಾರಿಸಿ. ಟೈಪ್ ಮಾಡುವ ಹೆಣ್ಣುಮಗಳಿಗೆ, ಎಲ್ಲರೂ ತಂತಮ್ಮ ಮಷಿನ್ನು ಸ್ವಚ್ಛ ಮಾಡುತ್ತಿರುವಾಗ ತಾನು ಮಾತ್ರ ಕೈಕಟ್ಟಿ ಕೂರುವುದು ಸರಿ ಕಾಣಲಿಲ್ಲ. ಹೊರಗಿನಿಂದ ಒರೆಸಿದಳು. ಒಳಗೂ ಸ್ವಚ್ಛವಾಗಲಿ ಎಂದು, ಚದುರಿದ ಫೈಲುಗಳನ್ನು ಒಂದೆಡೆ ಜೋಡಿಸುವ ಡಿಫ್ರ್ಯಾಗ್ ಎಂಬ ಪ್ರೋಗ್ರಾಮನ್ನೂ ಓಡಿಸಿದಳು. ಅದನ್ನು ಅವಳಿಗೆ ಹೇಳಿಕೊಟ್ಟವನು ನಾನೇ. ತಿಂಗಳಿಗೊಮ್ಮೆ ಓಡಿಸಿದರೆ ಒಳ್ಳೆಯದು ಎಂದಿದ್ದೆ.

ಅದು ಫೈಲುಗಳನ್ನು ಎತ್ತಿ ಆಚೆ ಈಚೆ ಇಡುತ್ತಿರುವಾಗ ಪುರೋಹಿತರು ಬಂದರು. ಪೂಜೆಯ ಹೊತ್ತಿಗೆ ಯಾವ ಆಯುಧವೂ ನಡೆಯುತ್ತಿರಬಾರದು. ಯಜಮಾನರ ತಂದೆಯ ಕಾಲದಿಂದಲೂ ಮಂಗಳಾರತಿಗೆ ಮುಂಚೆ ಮನೆಯ ಹಿರಿಯರು ಹೋಗಿ ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆಯುವುದು ರೂಢಿ. ಯಜಮಾನರು ಭಕ್ತಿಯಿಂದ ಎಳೆದರು.

"ಅದು ಓಡ್ತಾ ಇತ್ತು ಅಂತ ನಂಗೇನು ಗೊತ್ತು?" ಎಂದರು. "ಸದ್ದೇ ಇಲ್ಲ. ರೋಲರ್ ಆದ್ರೆ ಗಡಗಡ ಅನ್ನತ್ತೆ."

"ನಾನು 'ತಡೀರಿ ಯಜಮಾನ್ರೆ' ಅಂದೆ," ಎಂದಳು ಹೆಣ್ಣುಮಗಳು. "ಜಾಗಟೆ ಸದ್ದಲ್ಲಿ ಕೇಳ್ಲಿಲ್ಲ."

ಬ್ಯಾಕಪ್ ಫ್ಲಾಪಿಗಳೆಲ್ಲಿ ಎಂದು ಕೇಳಿದೆ. ಇದ್ದದ್ದನ್ನು ಅಳಿಸಿ, ಆ ಫ್ಲಾಪಿಗಳಲ್ಲೇ ಈಗ ಮದುವೆ ಪತ್ರಿಕೆಗಳು ಶಿವಮೊಗ್ಗಕ್ಕೆ ಅಚ್ಚಿನ ಫಿಲ್ಮ್ ತೆಗೆಸಲು ಹೋಗಿಬರುತ್ತಿದ್ದವು. ಅದೂ ಇರಲಿ, ಮದುವೆ ಪತ್ರಿಕೆ ಹೋದರೆ ಇನ್ನೊಮ್ಮೆ ಟೈಪ್ ಮಾಡಬಹುದು ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಸಾಹೇಬ್ರ ಪುಸ್ತಕ ಇದ್ರಲ್ಲೇ ಇದೆ," ಎಂದಳು ಅವಳು.

ಸಾಹೇಬರು ಉಳವಿ ಕಡೆಯವರು. ದನದ ಆಸ್ಪತ್ರೆಯಲ್ಲಿ ಡಾಕ್ಟರರ ಸಹಾಯಕರಾಗಿ ನಿವೃತ್ತರಾದವರು. ಸೈಕಲ್ಲಿನ ಮೇಲೆ ತಾಲ್ಲೂಕು ಸುತ್ತಿ, ಕಾಲುಬಾಯಿ ಬೇನೆ, ಕೆಚ್ಚಲು ಬಾವು, ಹೊಟ್ಟೆಯುಬ್ಬರಕ್ಕೆ ಯಾವ ಊರಿನಲ್ಲಿ ಏನು ಮದ್ದು ಮಾಡುತ್ತಾರೆ, ಯಾವುದು ಹಿಡಿಯುತ್ತದೆ, ಯಾವುದು ಬರೀ ನಂಬಿಕೆ, ಎತ್ತು ಕೊಳ್ಳುವಾಗ ಮೈಯ ಕೂದಲ ಸುಳಿ ನೋಡುವುದರಲ್ಲಿ ಎಷ್ಟು ನಿಜ ಎಂದೆಲ್ಲ ಬರೆದಿದ್ದರು. ಬರೆದು ಮುಗಿಯುವ ಹೊತ್ತಿಗೆ ಕಣ್ಣಿನ ನರ ಸೋತು, ಈಗ ಬೆಳಕು ನೆರಳು ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. ಟೈಪಾದದ್ದನ್ನು ಅವಳು ಓದಿ ಹೇಳಿ, ಅವರು ಕೇಳಿ ತಿದ್ದಿಸಿದ್ದರು.

"ಕೈಬರಹದ ಪ್ರತಿ ಇದೆಯಲ್ಲ?" ಎಂದೆ.

ಅದು ಹೊಳೆಗೆ ಹೋಗಿತ್ತು. ಅಕ್ಷರವಿರುವ ಕಾಗದವನ್ನು ಕಸಕ್ಕೆ ಹಾಕಬಾರದು, ಕಾಲಿಗೆ ಸಿಗಬಾರದು. ಹಬ್ಬದ ಮುಂಚೆ ಪ್ರೆಸ್ಸು ಗುಡಿಸುವಾಗ ಕೆಲಸ ಮುಗಿದ ಹಸ್ತಪ್ರತಿಗಳನ್ನೆಲ್ಲ ಕಟ್ಟಿ ದಂಡಾವತಿ ಹೊಳೆಗೆ ಬಿಡುವುದು ಆ ಪ್ರೆಸ್ಸಿನ ಇನ್ನೊಂದು ರೂಢಿ. ಸಾಹೇಬರನ್ನು ಕೇಳಿಯೇ ಬಿಟ್ಟಿದ್ದರಂತೆ. "ನಮ್ಮಲ್ಲೂ ಹಾಗೇ ಮಾಡೋದು, ನೀರಿಗೇ ಬಿಡಿ" ಎಂದು ಅವರೂ ಒಪ್ಪಿದ್ದರಂತೆ. ಸರಸ್ವತಿಗೆ ಅಪಚಾರವಾಗದ ಹಾಗೆ ಇಡೀ ಪುಸ್ತಕವನ್ನು ಎರಡು ಧರ್ಮದವರು ಕೂಡಿ ನೀರಿಗೆ ಬಿಟ್ಟಿದ್ದರು.

ಬಸ್ಸಿನಲ್ಲಿ ಯೋಚಿಸಿದ ಪಟ್ಟಿಯಲ್ಲಿ ಇದಿರಲಿಲ್ಲ.

ಡಿಸ್ಕಿನ ನೆರವಿಲ್ಲದೆ ಕಂಪ್ಯೂಟರನ್ನು ಏಳಿಸುವ ನನ್ನ ಬೂಟ್ ಫ್ಲಾಪಿ ಹಾಕಿ ಆನ್ ಮಾಡಿದೆ. ಡಿಸ್ಕು ಸುತ್ತಿತು. ಕಿವಿಯಿಟ್ಟು ಕೇಳಿದೆ, ಕಟಕಟ ಸದ್ದಿಲ್ಲ. ಅಲ್ಲಿಗೆ ಅರ್ಧ ಭಯ ಬೇರೆ ಕಡೆಗೆ ವರ್ಗವಾಯಿತು. ಡಿಸ್ಕಿನ ಲೆಕ್ಕ ತಾಳೆ ನೋಡುವ ಚೆಕ್‌ಡಿಸ್ಕ್ ಪ್ರೋಗ್ರಾಂ ಕೊಟ್ಟೆ, ತಿದ್ದುವ ಅಪ್ಪಣೆ ಸೇರಿಸದೆ, ಬರೀ ನೋಡು ಎಂದು. ಪರದೆ ತುಂಬ ದೂರುಗಳು ಬಂದವು.

ಯಜಮಾನರಿಗೆ ನಾನು ಹೇಳಿದ್ದು ಹೀಗೆ: ಜಮೀನು ಇದ್ದ ಹಾಗೇ ಇದೆ, ಶಾನುಭೋಗರ ದಫ್ತರ ಹರಿದುಹೋಗಿದೆ. ಯಾವ ತುಂಡು ಯಾರದು, ಒಂದರ ಮುಂದಿನದು ಯಾವುದು ಎಂದು ಬರೆದಿಡುವ ಒಂದು ಕೋಷ್ಟಕ ಡಿಸ್ಕಿನಲ್ಲಿರುತ್ತದೆ. ಕೆಲವು ತುಂಡುಗಳಿಗೆ ಖಾತೆದಾರರೇ ಇಲ್ಲ. ಕೆಲವು ಕಡೆ ಒಂದೇ ಸರ್ವೆ ನಂಬರು ಇಬ್ಬರ ಪಹಣಿಯಲ್ಲಿದೆ.

"ಹಂಗಾದ್ರೆ ಗೊತ್ತಾಯ್ತು ಬಿಡಿ," ಎಂದರು. "ನಮ್ಮ ಚಿಕ್ಕಪ್ಪಂದು ಕೋರ್ಟಲ್ಲಿ ಇನ್ನೂ ಇದೆ."

ಕೊನೆಯ ಸಾಲಿನಲ್ಲಿ ಕಂಪ್ಯೂಟರ್ ಕೇಳುತ್ತಿತ್ತು: ವಾರಸುದಾರರಿಲ್ಲದ ತುಂಡುಗಳನ್ನು ಫೈಲು ಮಾಡಲೇ, ಹೌದಾದರೆ ವೈ, ಬೇಡವಾದರೆ ಎನ್.

"ವೈ ಒತ್ತಿ ರೀ, ಅದೇ ಕೇಳ್ತಾ ಇದೆಯಲ್ಲ," ಎಂದರು ಯಜಮಾನರು.

ಬೆರಳು ವೈ ಮೇಲೆ ಹೋಗಿತ್ತು. ತಿದ್ದು ಎಂದರೆ ಆ ಪ್ರೋಗ್ರಾಂ ತಿದ್ದುತ್ತದೆ, ತನಗೆ ತಿಳಿದ ಹಾಗೆ. ತಪ್ಪಾದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಇಲ್ಲಿ ಇದ್ದದ್ದು ಒಂದೇ ಡಿಸ್ಕು. ಎನ್ ಒತ್ತಿದೆ.

"ಈ ಡಿಸ್ಕಿಗೆ ಒಂದಕ್ಷರವನ್ನೂ ಬರೆಯೋದಿಲ್ಲ," ಎಂದೆ. "ಮೊದಲು ಇದನ್ನ ಇದ್ದ ಹಾಗೇ ಇನ್ನೊಂದು ಡಿಸ್ಕಿಗೆ ಇಳಿಸಬೇಕು. ಏನು ಹಾಳು ಮಾಡೋದಿದ್ರೂ ಆ ನಕಲನ್ನ ಹಾಳು ಮಾಡೋಣ."

"ಇನ್ನೊಂದು ಡಿಸ್ಕು ಎಲ್ಲಿದೆ?"

ಇದ್ದದ್ದು ಒಂದೇ, ಶಿಕಾರಿಪುರದಲ್ಲಿ, ನನ್ನ ಅಂಗಡಿಯ ಕಂಪ್ಯೂಟರಿನೊಳಗೆ. ಅದರಲ್ಲಿ ನಾನು ಅಲ್ಲಿಂದ ಇಲ್ಲಿಂದ ಕೂಡಿಹಾಕಿದ ಡ್ರೈವರುಗಳು, ಪ್ರೋಗ್ರಾಮುಗಳು, ನನ್ನ ಹೊಟ್ಟೆಪಾಡು. ನಕಲು ಇಳಿಸಿದರೆ ಅದೆಲ್ಲ ಅಳಿದುಹೋಗುತ್ತದೆ. ಹಿಂದಿರುಗುವ ಬಸ್ಸಿನಲ್ಲಿ ಬೇರೆ ಉಪಾಯ ಹುಡುಕಿದೆ, ಸಿಗಲಿಲ್ಲ. ಸಂಜೆ ಅಂಗಡಿಯಲ್ಲಿ ಕೂತು, ಬಿಟ್ಟರೆ ಮತ್ತೆ ಸಿಗದಂಥವನ್ನು ಮಾತ್ರ ಫ್ಲಾಪಿಗಳಿಗೆ ಇಳಿಸಿದೆ. ಆ ಫ್ಲಾಪಿಗಳನ್ನು ಮತ್ತೊಮ್ಮೆ ಓದಿಸಿ ನೋಡಿದೆ. ಮತ್ತೂ ಒಮ್ಮೆ ನೋಡುವಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದದ್ದರಿಂದ ಬಚಾವಾದೆ.

ಮರುದಿನ ನನ್ನ ಡಿಸ್ಕನ್ನು ಬಿಚ್ಚಿ ಪಂಚೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಶಿರಾಳಕೊಪ್ಪದಾಚೆಯ ರಸ್ತೆಯಲ್ಲಿ ಪ್ರತಿ ಗುಂಡಿಗೂ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಪಕ್ಕದ ಸೀಟಿನ ಹೆಂಗಸು ಬಹಳ ಹೊತ್ತು ನೋಡಿ ಕೇಳಿದಳು:

"ಮೊಟ್ಟೆಯಾ?"

"ಅದಕ್ಕಿಂತ ನಾಜೂಕು."

"ಅಷ್ಟು ಹೆದ್ರೋರು ಬಸ್ಸಲ್ಲಿ ತರಬಾರ್ದು ಬಿಡಿ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಪ್ರೆಸ್ಸಿನಲ್ಲಿ ಸಾಹೇಬರು ಬಂದು ಕೂತಿದ್ದರು. ಬಿಳಿ ಟೋಪಿ, ಕೈಯಲ್ಲಿ ಕೊಡೆ, ಮುಖ ಕಂಪ್ಯೂಟರಿನ ಕಡೆಗಿತ್ತಾದರೂ ಸ್ವಲ್ಪ ಪಕ್ಕಕ್ಕೆ. ನನ್ನ ಸದ್ದು ಕೇಳಿ ಎದ್ದು ನಿಂತರು.

"ಡಾಕ್ಟ್ರು ಬಂದ್ರಾ?"

"ನಾನು ಡಾಕ್ಟರಲ್ಲ ಸಾಹೇಬ್ರೆ."

"ನಾನೂ ಅಲ್ಲ. ಜನ ಹಾಗೇ ಕರೀತಿದ್ರು, ನಾನೂ ಓಗೊಡ್ತಿದ್ದೆ," ಎಂದು ಕೂತರು. "ಒಂದು ಮಾತು ಕೇಳ್ತೀನಿ. ಹೋಗಿದ್ರೆ ಹೋಗಿದೆ ಅಂತ ಹೇಳ್ಬಿಡಿ. ದನ ಉಳಿಯಲ್ಲ ಅಂತ ಗೊತ್ತಿದ್ದೂ ಮದ್ದು ಅರೆಸೋ ಡಾಕ್ಟ್ರನ್ನ ನಾನು ನೋಡಿದೀನಿ. ಅದು ಮಾತ್ರ ಬೇಡ. ಇನ್ನೊಂದ್ಸಲ ಬರೆಯೋಕೆ ನಂಗೆ ಕಣ್ಣಿಲ್ಲ."

ನನಗೆ ಇನ್ನೂ ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಎರಡು ಡಿಸ್ಕುಗಳನ್ನು ಒಂದೇ ಕೇಬಲ್ಲಿಗೆ ಸಿಕ್ಕಿಸುವಾಗ ಯಾವುದು ಹಿರಿದು ಯಾವುದು ಕಿರಿದು ಎಂದು ಜಂಪರ್ ಎಂಬ ಸಣ್ಣ ಪಿನ್ನು ಬದಲಿಸಿ ತಿಳಿಸಬೇಕು. ಅವರದ್ದಕ್ಕೆ ಕೆಂಪು ದಾರ ಕಟ್ಟಿದೆ, ನನ್ನದಕ್ಕೆ ಬಿಳಿ. "ಕೆಂಪಿನಿಂದ ಬಿಳಿಗೆ, ಕೆಂಪಿನಿಂದ ಬಿಳಿಗೆ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಅದನ್ನು ಕೇಳಿಸಿಕೊಂಡ ಯಜಮಾನರು, ಇದೂ ಒಂದು ಮಂತ್ರವಿರಬೇಕೆಂದು ಚಪ್ಪಲಿ ಹೊರಗೆ ಬಿಟ್ಟು ಬಂದರು. ಡಿಸ್ಕಿನ ಸೆಕ್ಟರುಗಳೆಂಬ ತುಂಡುಗಳನ್ನು ಒಂದೊಂದಾಗಿ ಇದ್ದ ಹಾಗೆ ಎತ್ತಿ ಇಡುವ ಪುಟ್ಟ ಪ್ರೋಗ್ರಾಮೊಂದು ನನ್ನಲ್ಲಿತ್ತು. ಓಡಿಸಿದೆ. ಅರ್ಧ ದಾಟಿರಬೇಕು, ಕರೆಂಟು ಹೋಯಿತು. ಯುಪಿಎಸ್ ಒಮ್ಮೆ ಕೀ ಎಂದು, ತನ್ನ ಕರ್ತವ್ಯ ಮುಗಿಯಿತೆಂಬಂತೆ ಸುಮ್ಮನಾಯಿತು.

"ಈ ಸಲ ನಾನು ಎಳ್ದಿಲ್ಲ," ಎಂದರು ಯಜಮಾನರು, ಕೇಳುವ ಮೊದಲೇ.

ಅವರ ಡಿಸ್ಕಿನಿಂದ ಓದುತ್ತಿದ್ದೆವೇ ಹೊರತು ಅದಕ್ಕೆ ಬರೆಯುತ್ತಿರಲಿಲ್ಲ. ಹಾಗಾಗಿ ಕೆಟ್ಟದ್ದೇನೂ ಆಗಿರಲಿಲ್ಲ, ಮೊದಲಿನಿಂದ ಮಾಡಬೇಕಷ್ಟೇ. ಯಜಮಾನರು ಲೈನ್‌ಮನ್ನನ ಮನೆಗೆ ಹೋಗಿ, ಮಧ್ಯಾಹ್ನ ಕರೆಂಟು ಬಂದಮೇಲೆ ಮತ್ತೆ ತೆಗೆಯುವುದು ಯಾವಾಗ ಎಂದು ಕೇಳಿಕೊಂಡು ಬಂದರು. ಊಟದ ನಂತರ ಮತ್ತೆ ಕೆಂಪಿನಿಂದ ಬಿಳಿಗೆ. ಈ ಸಲ ಮುಗಿಯಿತು. ಕೆಂಪು ದಾರದ ಡಿಸ್ಕನ್ನು ಬಿಚ್ಚಿ ಯಜಮಾನರ ಕೈಗೆ ಕೊಟ್ಟೆ. ಅವರು ಅದನ್ನು ದೇವರ ಮುಂದಿಟ್ಟು ಬಂದರು. ಬೇಡ, ಅಲ್ಲಿ ದೀಪವಿದೆ ಎಂದು ಕಪಾಟಿನಲ್ಲಿ ಇಡಿಸಿದೆ.

ಈಗ ನಕಲಿನ ಮೇಲೆ ಚೆಕ್‌ಡಿಸ್ಕ್, ತಿದ್ದುವ ಅಪ್ಪಣೆಯೊಂದಿಗೆ. ವೈ. ವಾರಸುದಾರರಿಲ್ಲದ ತುಂಡುಗಳೆಲ್ಲ ಫೈಲುಗಳಾಗಿ ಏಳತೊಡಗಿದವು. ಹೆಸರಿಲ್ಲ, ಬರೀ ನಂಬರು. ಅನಾಥಾಲಯದ ಹಾಜರಿ ಇದ್ದ ಹಾಗೆ. ದೊಡ್ಡ ಗಾತ್ರದವನ್ನು ಮೊದಲು ತೆಗೆದೆವು, ಮದುವೆ ಪತ್ರಿಕೆ ಅಷ್ಟು ದೊಡ್ಡದಿರುವುದಿಲ್ಲ. ನನ್ನ ಕಪ್ಪು ಪರದೆಯಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಕನ್ನಡದ ಪ್ರೋಗ್ರಾಮಿನಲ್ಲಿ ತೆಗೆದು ಅಕ್ಷರ ಕೂರಿಸಿದಾಗಲೇ ಅದು ಮಾತಾಗುತ್ತಿದ್ದದ್ದು. ಟೈಪ್ ಮಾಡುವ ಹೆಣ್ಣುಮಗಳು ಓದಿದಳು.

"ಕರು ಹಾಕಿದ ಮೂರು ದಿನದೊಳಗೆ ಕೆಚ್ಚಲು ಕಲ್ಲಿನಂತಾದರೆ..."

"ಐದನೇ ಅಧ್ಯಾಯ," ಎಂದರು ಸಾಹೇಬರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮುಂದೆ ಓದು ತಂಗೀ. ಅರಿಶಿನ ಆದಮೇಲೆ ಲೋಳೆಸರ ಬರಬೇಕು."

ಲೋಳೆಸರ ಬಂತು. ಅವಳು ಓದುವುದು, ಅವರು ಅಧ್ಯಾಯ ಹೇಳುವುದು, ನಾನು ಹೆಸರು ಕೊಟ್ಟು ಬೇರೆ ಕಡೆ ಇಡುವುದು. ಹೀಗೆ ನಡೆಯುತ್ತಿರುವಾಗ ಒಂದು ಅಧ್ಯಾಯದ ಕೊನೆಯಲ್ಲಿ ಅವಳು ಅದೇ ರಾಗದಲ್ಲಿ ಓದಿದಳು:

"ಹೊಟ್ಟೆ ಇಳಿಯುವ ತನಕ ದನವನ್ನು ಮಲಗಗೊಡಬಾರದು. ವಧು, ದ್ವಿತೀಯ ಪುತ್ರಿ, ಮುಹೂರ್ತ ಅಭಿಜಿನ್ ಲಗ್ನ."

"ಇದನ್ನ ನಾನು ಬರೆದಿಲ್ಲ," ಎಂದರು ಸಾಹೇಬರು.

ಡಿಸ್ಕು ಜಾಗವನ್ನು ಸಮನಾದ ಖಾನೆಗಳಲ್ಲಿ ಹಂಚುತ್ತದೆ. ಅಧ್ಯಾಯ ಖಾನೆಯ ನಡುವೆ ಮುಗಿದರೂ ಉಳಿದ ಜಾಗ ಖಾಲಿಯಿರುವುದಿಲ್ಲ. ಹಿಂದೆ ಅಲ್ಲಿದ್ದು ಅಳಿಸಿಹೋದ ಯಾವುದೋ ಫೈಲಿನ ಚೂರು ಅಂಟಿಕೊಂಡಿರುತ್ತದೆ. ಫೈಲಿನ ಅಳತೆ ಗೊತ್ತಿದ್ದರೆ ಕಂಪ್ಯೂಟರ್ ಅಷ್ಟಕ್ಕೇ ನಿಲ್ಲಿಸುತ್ತದೆ. ಇಲ್ಲಿ ಅಳತೆಯೂ ಹೋಗಿದ್ದರಿಂದ ಖಾನೆಯನ್ನು ಪೂರ್ತಿ ಎತ್ತಿ ಕೊಡುತ್ತಿತ್ತು. ಹೀಗೆ ಅಂಟಿಕೊಂಡ ಬಾಲ ಕಂಡಲ್ಲಿ ಕತ್ತರಿಸಿ ಎಂದು ಅವಳಿಗೆ ಹೇಳಿದೆ. "ಬಾಲ ಕತ್ತರಿಸೋದು ದನಕ್ಕೆ ಒಳ್ಳೇದಲ್ಲ" ಎಂದರು ಸಾಹೇಬರು. ನಗುವಷ್ಟು ಧೈರ್ಯ ಎಲ್ಲರಿಗೂ ಬಂದಿತ್ತು.

ಆ ಧೈರ್ಯಕ್ಕೆ ಕಾಯುತ್ತಿತ್ತೋ ಎನ್ನುವಂತೆ ಪುಸ್ತಕ ಅರ್ಧಕ್ಕೇ ನಿಂತಿತು. ಇದ್ದ ದೊಡ್ಡ ಫೈಲುಗಳೆಲ್ಲ ಮುಗಿದವು, ಸಣ್ಣವನ್ನೂ ತೆಗೆದು ನೋಡಿದೆವು. ಎತ್ತಿನ ಸುಳಿಯ ಅಧ್ಯಾಯವಿಲ್ಲ, ಅದರ ಮುಂದಿನ ಯಾವುದೂ ಇಲ್ಲ. ಸಾಹೇಬರು ಕೊಡೆಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತರು. ಹೋಗಿದೆ ಎಂದು ಹೇಳುವ ಮುಂಚೆ ಇನ್ನೊಮ್ಮೆ ನೋಡಿಬಿಡೋಣ ಎನಿಸಿತು.

ಚೆಕ್‌ಡಿಸ್ಕನ್ನು ಮತ್ತೆ ಓಡಿಸಿದೆ. ಮೊದಲ ಸಲ ದೂರುಗಳ ನಡುವೆ ಸರಿದುಹೋಗಿದ್ದ ಒಂದು ಸಾಲು ಈಗ ಕೆಳಗೆ ನಿಂತಿತ್ತು: ಮೂಲ ಡೈರೆಕ್ಟರಿಯಲ್ಲಿ ಜಾಗವಿಲ್ಲ.

"ಅರ್ಧ ಡಿಸ್ಕು ಖಾಲಿ ಇದೆ ಅಂದಿದ್ರಿ?" ಎಂದರು ಯಜಮಾನರು.

ಡಿಸ್ಕಿನಲ್ಲಿತ್ತು. ಬಾಗಿಲಲ್ಲಿ ಇರಲಿಲ್ಲ. ಎದ್ದುಬಂದ ಅನಾಥರೆಲ್ಲ ಮೊದಲು ಕೂರುವುದು ಮೂಲ ಡೈರೆಕ್ಟರಿ ಎಂಬ ಹೆಸರುಪಟ್ಟಿಯ ಜಗಲಿಯಲ್ಲಿ. ಆ ಜಗಲಿಯಲ್ಲಿ ಇಂತಿಷ್ಟೇ ಹೆಸರು ಹಿಡಿಯುತ್ತವೆ. ಎರಡು ವರ್ಷದ ಮದುವೆ, ಗೃಹಪ್ರವೇಶ, ಕರಪತ್ರಗಳ ಚೂರುಗಳೆಲ್ಲ ಮೊದಲೇ ಬಂದು ಕೂತುಬಿಟ್ಟಿದ್ದವು. ಉಳಿದವರು ಹೊರಗೆ ನಿಂತಿದ್ದರು. ಅವರು ಸತ್ತಿದ್ದಾರೆ ಎಂದು ನಾವು ಅಂದುಕೊಂಡಿದ್ದೆವು. ಕೂತವರನ್ನೆಲ್ಲ ಒಂದು ಉಪಡೈರೆಕ್ಟರಿಗೆ ಸಾಗಿಸಿದೆ. ಈ ಸಾಗಾಟದಲ್ಲಿ ಹೊರಗಿದ್ದವರ ಮೇಲೆಯೇ ಬರೆದುಬಿಟ್ಟರೆ ಎಂಬ ಭಯ ಬಂತು. ಹಾಗಾದರೂ ಕಪಾಟಿನಲ್ಲಿ ಕೆಂಪು ದಾರದ್ದು ಇದೆ ಎಂದುಕೊಂಡೆ. ಹುಟ್ಟಿದಾಗಿನಿಂದ ನನಗೆ ನಾನೇ ಹೇಳಿಕೊಂಡ ಸಮಾಧಾನಗಳಲ್ಲಿ ಕೆಲಸ ಮಾಡಿದ್ದು ಅದೊಂದೇ ಇರಬೇಕು.

ಮತ್ತೆ ಚೆಕ್‌ಡಿಸ್ಕ್, ಮತ್ತೆ ವೈ. ಹೊಸ ಸಾಲು ಹೊರಟಿತು.

"ಹಣೆಯ ಸುಳಿಗಿಂತ ಗೊರಸನ್ನು ನೋಡಿ ಎತ್ತು ಕೊಳ್ಳುವವನು..." ಎಂದು ಓದಿದಳು ಅವಳು.

"ಬುದ್ಧಿವಂತ," ಎಂದು ಸಾಹೇಬರು ವಾಕ್ಯ ಮುಗಿಸಿ, ಟೋಪಿ ತೆಗೆದು ತಲೆ ಸವರಿಕೊಂಡು ಮತ್ತೆ ಹಾಕಿಕೊಂಡರು. ಯಜಮಾನರು ಚಹಾ ತರಲು ತಾವೇ ಹೋದರು.

ಕೊನೆಯ ಅಧ್ಯಾಯ, ದುಡಿದು ಮುದಿಯಾದ ಎತ್ತನ್ನು ನೋಡಿಕೊಳ್ಳುವ ಬಗೆ, ಸಿಕ್ಕಾಗ ಶಿಕಾರಿಪುರದ ಕೊನೆಯ ಬಸ್ಸಿನ ಹೊತ್ತಾಗಿತ್ತು. ಸಿಕ್ಕಿದ್ದನ್ನೆಲ್ಲ ಹೊಸ ಫ್ಲಾಪಿಗಳಿಗೆ ಎರಡೆರಡು ಪ್ರತಿ ಇಳಿಸಿ, ಒಂದು ಪ್ರತಿ ಸಾಹೇಬರ ಕೈಚೀಲಕ್ಕೆ ಹಾಕಿದೆ. "ಇದನ್ನ ಹೊಳೆಗೆ ಬಿಡಬೇಡಿ" ಎಂದೆ. ಉಳಿದ ಬಾಲ ಕತ್ತರಿಸುವುದು, ಕೊನೆಯ ಓದು ಅವರಿಬ್ಬರಿಗೆ ಬಿಟ್ಟು ಬಸ್ಸಿಗೆ ಓಡಿದೆ.

ಪುಸ್ತಕ ಬಂತು. ಯಜಮಾನರು ಒಂದು ಪ್ರತಿ ಕಳಿಸಿದರು. ಒಂದು ವಾರ ಅದನ್ನು ಬಿಚ್ಚಲಿಲ್ಲ; ಪುಟಗಳು ತಲೆಕೆಳಗಾಗಿದ್ದರೆ, ಅಧ್ಯಾಯ ಅದಲುಬದಲಾಗಿದ್ದರೆ, ಐದನೆಯದರ ಮದ್ದು ಆರನೆಯದರ ಬೇನೆಗೆ ಹೋಗಿ ಯಾರದಾದರೂ ಹಸು ಸತ್ತರೆ. ಆಮೇಲೆ ಬಿಚ್ಚಿ, ಅಧ್ಯಾಯಗಳ ಮೊದಲ ಸಾಲುಗಳನ್ನೆಲ್ಲ ಪರಿಶೀಲಿಸಿದೆ. ಸರಿಯಾಗಿದ್ದವು.

ಬೇಸಿಗೆಯಲ್ಲಿ ಉಳವಿ ಕಡೆ ಒಂದು ಕೆಲಸವಿತ್ತು, ಸಾಹೇಬರ ಮನೆಗೆ ಹೋದೆ. ಮನೆಯ ಮುಂದೆ ಒಂದು ಜೊತೆ ಎತ್ತು ಕಟ್ಟಿತ್ತು. ಆಚೆಗೆ ಕುಂಟುವ ಹಸುವೊಂದು. ಸಾಹೇಬರು ಒಂದು ಎತ್ತಿನ ಮೈಮೇಲೆ ಅಂಗೈಯಿಟ್ಟು, ಬೆನ್ನಿನಿಂದ ಕಾಲಿನವರೆಗೆ ನಿಧಾನ ಸವರುತ್ತ ಏನೋ ಹೇಳುತ್ತಿದ್ದರು. ಎತ್ತಿನವರು ಬಳ್ಳಿಗಾವಿಯವರಂತೆ.

"ಅಷ್ಟು ದೂರದಿಂದ ಬಂದ್ರಾ?" ಎಂದೆ.

"ಬರ್ಲಿಕ್ಕೆ ಅವ್ರೇ ಹೇಳಿದಾರಲ್ರೀ ಪುಸ್ತಕದಾಗೆ," ಎಂದರು ಅವರು. ಚೀಲದಿಂದ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದರು. ಮುದಿ ಎತ್ತಿನ ಅಧ್ಯಾಯ ಮುಗಿದು, ದನಕರುಗಳು ಸುಖವಾಗಿರಲಿ ಎಂಬ ಹಾರೈಕೆಯ ಕೆಳಗೆ, ಒಂದು ಸಾಲು ಬಿಟ್ಟು, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ತಾವು ಸಕುಟುಂಬ ಸಪರಿವಾರ ಸಮೇತರಾಗಿ ನಮ್ಮ ಸ್ವಗೃಹಕ್ಕೆ ಆಗಮಿಸಬೇಕಾಗಿ ವಿನಂತಿ.

ಆಮೇಲೆ ಸೊರಬದಲ್ಲಿ ಟೈಪ್ ಮಾಡುವ ಹೆಣ್ಣುಮಗಳನ್ನು ಕೇಳಿದೆ. "ಸಾಹೇಬ್ರು ಬರ್ಸಿದ್ದು ಅನ್ಕೊಂಡೆ ಸರ್," ಎಂದಳು. "ಓದಿದೆ, ಅವ್ರೇನೂ ಅನ್ಲಿಲ್ಲ." ಸಾಹೇಬರನ್ನು ಆ ದಿನವೇ ಕೇಳಿದ್ದೆ.

"ತಂಗಿ ಸೇರಿಸಿದ್ದು ಅನ್ಕೊಂಡೆ," ಎಂದಿದ್ದರು, ಎತ್ತಿನ ಗೊರಸು ಎತ್ತಿ ಹಿಡಿದುಕೊಂಡೇ. "ಅಷ್ಟು ಪ್ರೀತಿಯಿಂದ ಕರೀತಾ ಇದಾಳೆ, ಬೇಡ ಅನ್ನೋದು ಹೇಗೆ?"